ಬದುಕಿದ್ದ ಮಗಳಿಗೆ ಇಟ್ಟ ಎಡೆ

ನನ್ನ ಮೊಮ್ಮಗಳಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ಈ ಸುದ್ದಿಯನ್ನು ಈ ವಾರ ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹಾಲಿನ ಡೈರಿಯಲ್ಲಿ ಹೇಳಿದೆ, ನರಸೀಪುರದ ಗೊಬ್ಬರದ ಅಂಗಡಿಯಲ್ಲಿ ಹೇಳಿದೆ, ಕೇಳದವರಿಗೂ ಹೇಳಿದೆ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರವಣಿಗೆ ಅಷ್ಟಕ್ಕಷ್ಟೆ. ಆದರೂ ಈ ಸಂತೋಷವನ್ನು ಒಳಗೇ ಇಟ್ಟುಕೊಳ್ಳಲು ಆಗುತ್ತಿಲ್ಲ. ಸುಸ್ತೂ ಹಾಗೇ ಇದೆ. ಈ ಮಗುವಿನ ಹತ್ತಿರ ಬರಲು ನಾನು ನಡೆದ ದಾರಿ ಉದ್ದ. ಆ ದಾರಿಗೆ ಮುಳ್ಳು ಹಾಕಿದವನೂ ನಾನೇ.

ಎರಡು ಸಾವಿರನೇ ಇಸವಿ ಇನ್ನೇನು ಬರುತ್ತದೆ ಎನ್ನುವಾಗ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಒಬ್ಬ ಪ್ರಪಂಚ ಮುಳುಗುತ್ತದೆ ಎಂದ. ಇನ್ನೊಬ್ಬ, ನಾಟಿಯನ್ನೂ ಮಿಷಿನ್ನೇ ಮಾಡುತ್ತದೆ, ಜಾತಿಗೀತಿ ಎಲ್ಲ ಹೊರಟುಹೋಗುತ್ತದೆ ಎಂದ. ನಾನು ಎರಡನೆಯವನನ್ನು ನಂಬಿದೆ. ನರಸೀಪುರದಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿಗೆ ನನ್ನ ಒಬ್ಬಳೇ ಮಗಳನ್ನು ನಾನೇ ಕರೆದುಕೊಂಡು ಹೋಗಿ ಸೇರಿಸಿದೆ.

“ಮುಂದಿನ ಕಾಲ ಎಲ್ಲ ಇದ್ರಲ್ಲೇ ಐತಂತೆ ಕಣವ್ವ, ಚೆಂದಾಗಿ ಕಲ್ತ್ಕೊ” ಎಂದೆ.

ಒಂದು ಸಂಜೆ ಅವಳು ಬಸ್ಸಿಳಿದು ಬಂದು, “ಅಪ್ಪ, ಅದ್ಕೆ ಯಾರ್ ಜಾತೀನೂ ಗೊತ್ತಾಗಕಿಲ್ಲ. ಯಾರ್ ಬೆಳ್ಳಲ್ ಒತ್ತುದ್ರೂ ಅಕ್ಸರ ಮೂಡ್ತದೆ” ಎಂದಳು. “ಅಂಗಾರೆ ಒಳ್ಳೇದೇ ಬುಡು” ಎಂದು ನಕ್ಕೆ. ಅಲ್ಲಿ ಒಂದು ಮಿಷಿನ್ನಿಗೆ ಇಬ್ಬರನ್ನು ಕೂರಿಸುತ್ತಿದ್ದರು. ಪಕ್ಕದಲ್ಲಿ ಕೂರುವವರು ಯಾರು ಎಂದು ನಾನು ಕೇಳಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದವನು ನಂಜನಗೂಡು ಕಡೆಯ ಒಂದು ಹಳ್ಳಿಯ ದಲಿತ ಕೇರಿಯ ಹುಡುಗ. ಹೊಸ ಇಸವಿ ಬಂದು ಮೂರು ತಿಂಗಳಿಗೆ ಇಬ್ಬರೂ ರಿಜಿಸ್ಟರ್ ಮದುವೆ ಮಾಡಿಕೊಂಡರು.

ನಮ್ಮವರು ಜಗಲಿಯಲ್ಲಿ ಕೂತು ತೀರ್ಮಾನ ಹೇಳಿದರು. “ಮಗ್ಳು ಸತ್ತೋದ್ಲು ಅಂತ ತಿಥಿ ಮಾಡ್ಬುಡು. ಇಲ್ದಿದ್ರೆ ನಿನ್ ಮನೇಲಿ ನಾವ್ ಕೈ ತೊಳ್ಯಕಿಲ್ಲ.” ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ. ನಾನೇ ನಡೆದುಕೊಂಡು ಹೋದೆ. ನರಸೀಪುರದ ಹೊಳೆ ಸಂಗಮದ ಮೆಟ್ಟಿಲಲ್ಲಿ ಕೂತು ಮೀಸೆ ಬೋಳಿಸಿಕೊಂಡು, ಇಪ್ಪತ್ತು ವರ್ಷದ ಮಗಳ ಹೆಸರಿನಲ್ಲಿ ಪಿಂಡ ಬಿಟ್ಟೆ. ಆ ಹೊತ್ತಿಗೆ ಅವಳು ನಂಜನಗೂಡಿನ ಬಾಡಿಗೆ ಮನೆಯಲ್ಲಿ ಅನ್ನಕ್ಕಿಡುತ್ತಿದ್ದಳೋ ಏನೋ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನದು ನನಗೆ ಹೊಳೆದಿರಲಿಲ್ಲ. ತಿಥಿ ಮಾಡಿದ ಮೇಲೆ ಮಾರ್ಲಮಿ ಬರುತ್ತದಲ್ಲ. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ ಎಡೆ ಹಾಕುವ ಹಬ್ಬ. ನಮ್ಮಪ್ಪ ನಮ್ಮವ್ವನ ಎಡೆಯ ಪಕ್ಕ ಮಗಳಿಗೂ ಒಂದು ಎಲೆ ಹಾಕಬೇಕು. ಹಾಕುತ್ತೇನೋ ಇಲ್ಲವೋ ನೋಡಲು ದಾಯಾದಿಗಳು ಬಂದು ಕೂತಿದ್ದರು.

ನನ್ನ ಹೆಂಡತಿ ಸೌಟು ಕೆಳಗಿಟ್ಟಳು. “ಬದ್ಕಿರೋ ಮಗೀಗೆ ಧೂಪ ಆಕಾಕೆ ನನ್ ಕೈಲಾಗಕಿಲ್ಲ. ಕೊಂದೋನು ನೀನು, ನೀನೇ ಇಕ್ಕು.”

ನಾನೇ ಇಕ್ಕಿದೆ. ಸೀರೆ ಇಟ್ಟೆ, ಅವಳಿಗೆ ಇಷ್ಟ ಎಂದು ಕಜ್ಜಾಯ ಇಟ್ಟೆ. ಎಡೆ ಹಾಕಿದ ಮೇಲೆ ಸತ್ತವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಮಿಕ್ಕವರೆಲ್ಲ ಬನ್ನಿ ಬನ್ನಿ ಎಂದು ಹಿರಿಯರನ್ನು ಕರೆಯುತ್ತಿದ್ದರು. ನಾನೊಬ್ಬ ಮನಸ್ಸಿನಲ್ಲೇ, ಬರಬೇಡ ಕಣವ್ವ, ನೀನು ಮಾತ್ರ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಒಳಗೆ ಬೆಕ್ಕೋ ಏನೋ ಪಾತ್ರೆ ಅಲುಗಿಸಿತು. ನಾನು ಎದ್ದು ನಿಂತುಬಿಟ್ಟೆ. ಎರಡು ವರ್ಷ ಹೀಗೆ ಎಡೆ ಇಟ್ಟೆ.

ಮೂರನೇ ವರ್ಷ ಹಬ್ಬಕ್ಕೆ ಮುಂಚೆ, ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿನ ಕಂಡಕ್ಟರೊಬ್ಬ, “ಏನ್ ಗೌಡ್ರೇ, ತಾತ ಆದ್ರಂತಲ್ಲ, ಸಿಹಿ ಇಲ್ವಾ?” ಎಂದ. ಮನೆಗೆ ಬಂದು ಹೆಂಡತಿಗೆ ಹೇಳಿದೆ. “ನಾ ಆಮೇಕ್ ಬತ್ತೀನಿ. ತಿಥಿ ಮಾಡ್ದೋನು ಮೊದ್ಲು ಓಗು” ಎಂದಳು.

ಹೋದೆ. ನಂಜನಗೂಡಿನ ಆ ಬಾಡಿಗೆ ಮನೆಯ ಬಾಗಿಲಿಗೆ ಬಂದವಳು ಮಗಳೇ. ಹಸಿ ಬಾಣಂತಿ, ಮುಖ ಊದಿಕೊಂಡಿತ್ತು, ಕಿವಿಗೆ ಬಟ್ಟೆ ಕಟ್ಟಿದ್ದಳು.

“ಸತ್ತೋಳ್ ಮನೇಗೆ ಯಾಕ್ ಬಂದ್ರಿ?” ಎಂದಳು. ನನ್ನನ್ನು ಯಾವತ್ತೂ ಬಹುವಚನದಲ್ಲಿ ಕರೆದವಳಲ್ಲ.

ಹಿಂದಿನಿಂದ ಅವಳ ಅತ್ತೆ ಓಡಿ ಬಂದರು. “ಒಳೀಕ್ ಬನ್ನಿ ಬುದ್ದಿ” ಎಂದು ಚಾಪೆ ಹಾಸಿದರು. ಆಮೇಲೆ ಸೆರಗು ಹಿಡಿದುಕೊಂಡು ಮೆಲ್ಲಗೆ, “ಕಾಪಿ ಓಟ್ಲಿಂದ ತರ್ಸ್ಲಾ?” ಎಂದರು.

ಆ ಒಂದು ಮಾತಿಗೆ ನಾನು ಇಳಿದುಹೋದೆ. ಮಗಳು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. “ನೀವೇ ಕಾಯ್ಸ್ಕೊಡಿ ಬೀಗಿತ್ತಿ. ಬುದ್ದಿ ಅನ್ಬೇಡಿ, ನನ್ಗೆ ಅದು ಇಲ್ಲ” ಎಂದೆ. ಕಾಫಿ ಕುಡಿದೆ. ಮಗು ಒಳಕೋಣೆಯಲ್ಲಿ ಅಳುತ್ತಿತ್ತು. ಮಗಳು ಹೊರಗೆ ತರಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲಿಂದ ಪ್ರತಿ ವಾರ ಹೋದೆ. ಒಂದು ವಾರ ದೂರದಿಂದ ತೋರಿಸಿದಳು. ಇನ್ನೊಂದು ವಾರ ತೊಟ್ಟಿಲು ತೂಗಲು ಬಿಟ್ಟಳು. ಅಳಿಯ ಬೆಳಿಗ್ಗೆ ಫ್ಯಾಕ್ಟರಿಗೆ ಹೋಗುವಾಗ “ಬನ್ನಿ ಮಾವ” ಎನ್ನುತ್ತಿದ್ದ, ಅಷ್ಟೆ. ಇತ್ತ ಊರಲ್ಲಿ ಮದುವೆಗೆ ಕರೆಯುವುದು ನಿಂತಿತು. ಆ ವರ್ಷದ ಮಾರ್ಲಮಿಗೆ ನಾನು ಮಗಳ ಎಲೆ ಹಾಕಲಿಲ್ಲ, ನಮ್ಮ ಮನೆಗೆ ಯಾರೂ ಉಣ್ಣಲು ಬರಲಿಲ್ಲ. ಮಾಡಿದ ಅಡುಗೆಯನ್ನು ಗಂಡ ಹೆಂಡತಿ ಎರಡು ದಿನ ತಿಂದೆವು.

ಒಂದು ಶನಿವಾರ ಅತ್ತೆ ಮನೆಯಲ್ಲಿರಲಿಲ್ಲ. ಮಗಳು ಮಗುವನ್ನು ಎತ್ತಿಕೊಂಡೇ ಒಲೆಯ ಹತ್ತಿರ ನಿಂತಿದ್ದಳು. ಹಾಲು ಉಕ್ಕಿತು. “ಅಪ್ಪ, ಇವ್ಳ್ನ ಇಡ್ಕೊ” ಎಂದು ತಂದು ನನ್ನ ಮಡಿಲಿಗೆ ಹಾಕಿ ಓಡಿದಳು.

ಎಷ್ಟು ಬಿಸಿ ಆ ಮೈ! ಎಷ್ಟು ಹಗುರ! ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಹಾಲಿಳಿಸಿ, ಒಲೆ ಒರೆಸಿ, ಪಾತ್ರೆ ತೊಳೆದರೂ ಮಗಳು ಮಗುವನ್ನು ವಾಪಸ್ಸು ಕೇಳಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ನನ್ನ ಪಂಚೆ ನೆನೆಸಿದ್ದಳು.

ಸಂಜೆ ಬಸ್ಸಿನಲ್ಲಿ ನಮ್ಮ ದಾಯಾದಿಯೊಬ್ಬ ಪಕ್ಕದಲ್ಲಿ ಕೂತ. ಮೂಗು ಮುರಿದು, “ಏನ್ ದೊಡ್ಡಪ್ಪ, ಪಂಚೇಲಿ ಏನದು ವಾಸ್ನೆ?” ಎಂದ.

“ನನ್ ಮೊಮ್ಮಗ್ಳು ಉಚ್ಚೆ ಉಯ್ದವ್ಳೆ ಕಣ್ಲಾ. ನಂಜನಗೂಡಲ್ಲವ್ಳಲ್ಲ, ನನ್ ಮಗ್ಳು, ಅವ್ಳ್ ಕೂಸು” ಎಂದೆ. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದೆ.

ಅವನು ಎದ್ದು ಹಿಂದಿನ ಸೀಟಿಗೆ ಹೋದ. ಮಂಡಿ ನೋಯುತ್ತಿತ್ತು. ಖಾಲಿಯಾದ ಜಾಗಕ್ಕೆ ಕಾಲು ಚಾಚಿಕೊಂಡು ನರಸೀಪುರದ ತನಕ ಆರಾಮಾಗಿ ಬಂದೆ.