ಗಂಟು ಕಾಣದ ಕೈಕೆಲಸ

ಏರು ಹತ್ತುವಾಗ ಎಂಜಿನ್ ನಿಂತುಹೋದ ಬಸ್ಸಿನ ಬ್ರೇಕನ್ನು ಎಂದಾದರೂ ತುಳಿದಿದ್ದೀರಾ? ಮೊದಲ ಸಲ ಹೇಳಿದ ಮಾತು ಕೇಳುತ್ತದೆ. ಎರಡನೆಯ ಸಲ ಗೊಣಗುತ್ತದೆ. ಮೂರನೆಯ ಸಲ ಕಾಲಿನಡಿ ಬರೀ ಕಲ್ಲು. ಅಷ್ಟು ಹೊತ್ತಿಗೆ ಸ್ಟೇರಿಂಗ್ ಕೂಡ ಸೆಟೆದುಕೊಂಡಿರುತ್ತದೆ. ಆಮೇಲೆ ಬಸ್ಸು ಹಿಮ್ಮುಖವಾಗಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಇಳಿಜಾರು, ಡ್ರೈವರ್ ಅಲ್ಲ.

ನಾನು ಹೇಳಹೊರಟಿರುವ ಮನುಷ್ಯನಿಗೆ ಇದು ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ.

ಗ್ಯಾರೇಜು ಸಾಲಿನಲ್ಲಿ ಅವನನ್ನು ಎಲ್ಲರೂ ಡಬ್ಬಿಯಣ್ಣ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪೊಂದು ಇರುತ್ತದೆ. ಎಷ್ಟು ಚಿಮ್ಮಿಸಬೇಕು, ಯಾವಾಗ ಚಿಮ್ಮಿಸಬೇಕು ಎಂಬ ಹುಕುಂ ಅದಕ್ಕೆ ಒಂದೇ ಒಂದು ವೈರಿನಲ್ಲಿ ಬರುತ್ತದೆ. ಆ ವೈರಿಗೆ ಕನ್ನ ಹಾಕಿ ಅಂಗೈಯಗಲದ ಡಬ್ಬಿಯೊಂದನ್ನು ಕೂಡಿಸಿದರೆ, ಡಬ್ಬಿ ಪಂಪಿನ ಕಿವಿಯಲ್ಲಿ ಸುಳ್ಳು ಹೇಳತೊಡಗುತ್ತದೆ: ಇನ್ನೂ ಸ್ವಲ್ಪ ಹಾಕು, ಇನ್ನೂ ಸ್ವಲ್ಪ. ಗಾಡಿಗೆ ಇಲ್ಲದ ಕಸುವು ಬರುತ್ತದೆ. ಹಿಂದಿನಿಂದ ಬರುವ ಕರಿಹೊಗೆ ಹಿಂದೆ ಬರುವವರ ಪಾಲು. ಈ ಡಬ್ಬಿ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

ಅಪ್ಪ ರೇಡಿಯೋ ರಿಪೇರಿಯವನು. ಹೀಗಾಗಿ ಬೆಸುಗೆ ಕೋಲು ಕೈಗೆ ಬಂದದ್ದು ಪೆನ್ಸಿಲ್ಲಿಗಿಂತ ಮೊದಲು. ಆಮೇಲೆ ಹನ್ನೊಂದು ವರ್ಷ ಪಂಪು ರಿಪೇರಿಯ ಅಂಗಡಿಯೊಂದರಲ್ಲಿ ಡೀಸೆಲ್ ವಾಸನೆಯನ್ನೇ ಉಂಡು, ಡೀಸೆಲ್ ವಾಸನೆಯಲ್ಲೇ ಮಲಗಿದ. ಕಣ್ಣು ಮುಚ್ಚಿಕೊಂಡು ಗಾಡಿಯ ಸದ್ದು ಕೇಳಿ, ಪಂಪಿನ ಹೊಟ್ಟೆಯಲ್ಲಿ ಏನು ಕೆಟ್ಟಿದೆಯೆಂದು ಹೇಳಬಲ್ಲವನಾದ. ಸ್ವಂತ ಅಂಗಡಿ ಹಾಕಿದಾಗ ಗೋಡೆಗೆ ಬೋರ್ಡು ಕೂಡ ಬರೆಸಲಿಲ್ಲ. ಬೇಕಾದವರು ಹುಡುಕಿಕೊಂಡು ಬರುತ್ತಿದ್ದರು.

ಡಬ್ಬಿ ಕಾನೂನಿಗೆ ವಿರುದ್ಧ. ಸಾರಿಗೆ ಇಲಾಖೆಯ ತಪಾಸಣೆಯವರು ಅದನ್ನು ಹುಡುಕುವುದು ಕಣ್ಣಿನಿಂದಲ್ಲ, ಬೆರಳಿನಿಂದ. ವೈರುಗಳ ಕಟ್ಟಿನ ಮೇಲೆ ಬೆರಳಾಡಿಸುತ್ತಾ ಹೋಗುತ್ತಾರೆ. ಬೆಸುಗೆ ಹಾಕಿದ ಕಡೆ ಕಾಳಿನಷ್ಟು ಗಂಟು ಸಿಗುತ್ತದೆ, ಅಲ್ಲಿಗೆ ಸಿಕ್ಕಿಬಿದ್ದಂತೆ. ಡಬ್ಬಿಯಣ್ಣ ಆ ಗಂಟನ್ನೇ ಇಲ್ಲವಾಗಿಸಿದ. ಬೆಸುಗೆ ಬಿಟ್ಟು ಸೂಜಿ ಹಿಡಿದ. ವೈರಿನ ಮೈಗೆ ಸೂಜಿಯಿಂದ ಚುಚ್ಚಿ, ಆ ತೂತಿನೊಳಗೆ ಕೂದಲೆಳೆಯಂಥ ತಾಮ್ರದ ಎಳೆಯನ್ನು ತೂರಿಸಿ, ಹಳೆಯ ಬಟ್ಟೆಟೇಪನ್ನೇ ಅದರ ಹಳೆಯ ಮಡಿಕೆಗಳ ಮೇಲೆ ಮತ್ತೆ ಸುತ್ತುತ್ತಿದ್ದ. ಡಬ್ಬಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಗಾಡಿ ಮಾಡಿದ ಕಂಪನಿಯವರೇ ಬಂದು ತಡಕಿದರೂ ಏನೂ ಸಿಗದು.

"ಎಲ್ಲಿ ಹಾಕಿದ್ದೀಯಾ, ನಂಗಾದ್ರೂ ತೋರ್ಸಣ್ಣ," ಎಂದು ಲಾರಿ ಡ್ರೈವರೊಬ್ಬ ಗೋಗರೆದಿದ್ದನಂತೆ.

"ತೋರಿಸೋ ಹಂಗಿದ್ರೆ ಅದು ನನ್ನ ಕೆಲ್ಸ ಅಲ್ಲ."

"ಮನೇಲಿ ಅತ್ತಿಗೆ ಹತ್ರಾನೂ ಹಿಂಗೇ ಸೂಜಿ ಕೆಲ್ಸಾನಾ?"

"ಅಲ್ಲಿ ಬೆಸುಗೆನೇ ಮಾರಾಯ. ಬಿಡಿಸ್ಕೊಳ್ಳೋಕೆ ಆಗಲ್ಲ."

ಎಲ್ಲರೂ ನಕ್ಕರು. ಸೂಜಿ ತೂತಿನಲ್ಲಿ ಗಾಳಿ ಹೋಗುತ್ತದೆ, ಗಾಳಿ ಹೋದಲ್ಲಿ ನೀರೂ ಹೋಗುತ್ತದೆ ಎಂದು ಒಬ್ಬನೂ ಹೇಳಲಿಲ್ಲ. ರೇಡಿಯೋ ರಿಪೇರಿಯವನ ಮಗನಿಗೆ ಅದನ್ನು ಬೇರೆ ಯಾರಾದರೂ ಹೇಳಬೇಕಿತ್ತೇ?

ಅವನ ಹೆಂಡತಿ ಗುಡ್ಡದ ಮೇಲಿನ ಶೂ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುವವಳು. ಅವಳ ಬೆರಳ ತುದಿಯಲ್ಲಿ ಗೋಂದಿನ ಪೊರೆ ಯಾವಾಗಲೂ ಎದ್ದಿರುತ್ತದೆ; ಮಾತನಾಡುತ್ತಾ ಅದನ್ನು ಸುಲಿಯುವುದು ಅವಳ ಚಾಳಿ. ಕಾರ್ಖಾನೆಗೆ ಹೋಗಲು ಇರುವುದು ಒಂದೇ ಮಿನಿ ಬಸ್ಸು. ಸೀಟು ನಲವತ್ತು, ಹೆಂಗಸರು ಅರವತ್ತು. ಎಂಟು ಗಂಟೆಗೆ ಗೇಟು ಹಾಕಿದರೆ ಹಾಕಿದ ಹಾಗೆ, ಅರ್ಧ ದಿನ ಹೋಯಿತು. ಬಸ್ಸು ಮೂರನೆಯ ತಿರುವಿನಲ್ಲಿ ಏದುಸಿರು ಬಿಡುತ್ತಿತ್ತು. ಇನ್ನೊಂದು ಬಸ್ಸು ಹಾಕಬೇಕಾದದ್ದು ನ್ಯಾಯ. ಅದರ ಬದಲು ಬಸ್ಸಿನ ಯಜಮಾನ ಒಂದು ಮಳೆಗಾಲದ ಮಧ್ಯಾಹ್ನ ಡಬ್ಬಿಯಣ್ಣನ ಅಂಗಡಿಗೆ ಬಂದ. ಅಂದೇ ಸೂಜಿ ಬಿತ್ತು.

ಮರುದಿನ ಹೆಂಡತಿ ಮನೆಗೆ ಬಂದವಳೇ, "ರೀ, ಇವತ್ತು ನಮ್ಮ ಬಸ್ಸು ಹಾರ್ತಿತ್ತು ಕಣ್ರೀ! ಗೇಟು ತೆಗೆಯೋ ಮುಂಚೆನೇ ಹೋಗಿ ನಿಂತಿದ್ವಿ. ಎಲ್ರೂ ಚಪ್ಪಾಳೆ ಹೊಡೆದ್ರು," ಎಂದಳು. ಅವನು ತಲೆ ತಗ್ಗಿಸಿ ಉಣ್ಣುತ್ತಾ ಒಳಗೊಳಗೇ ಹಿಗ್ಗಿದ. ಅರವತ್ತು ಜನರನ್ನು ಹೊತ್ತ ಮುದಿ ಬಸ್ಸಿಗೆ ರಾತ್ರೋರಾತ್ರಿ ರೆಕ್ಕೆ ಹೇಗೆ ಬಂತೆಂದು ಕಾರ್ಖಾನೆಯವರು ಕೇಳಲಿಲ್ಲ. ತಪಾಸಣೆಯವರು ಕೇಳಲಿಲ್ಲ. ಬೇಗ ಮುಟ್ಟಿಸುವ ಯಾವುದನ್ನೂ ನಾವು ಪ್ರಶ್ನೆ ಮಾಡುವುದಿಲ್ಲ, ಅದು ನಮ್ಮನ್ನು ಎಲ್ಲಿಗೆ ಮುಟ್ಟಿಸಿದರೂ ಸರಿ.

ಎರಡು ವರ್ಷ ಕಳೆಯಿತು.

ಮತ್ತೆ ಮಳೆ ಹಿಡಿದ ಹೊತ್ತಿಗೆ ಸಿಮೆಂಟ್ ಲಾರಿಯೊಂದು ಹಗ್ಗ ಕಟ್ಟಿಸಿಕೊಂಡು ಅಂಗಡಿ ಮುಂದೆ ಬಂತು. ಏರಿನ ನಡುವೆ ಸದ್ದಿಲ್ಲದೆ ನಿಂತುಬಿಟ್ಟಿತ್ತು. ಕಂಪನಿಯವರು ಹೊಸ ಪಂಪು ಹಾಕಿದ್ದರು, ಮತ್ತೆ ನಿಂತಿತು. ಡಬ್ಬಿಯಣ್ಣ ಬಾನೆಟ್ ಎತ್ತಿ, ತಾನು ಸೂಜಿ ಹಾಕಿದ್ದ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ.

ವೈರು ಹಿಗ್ಗಿತು.

ಒಳಗೆ ತಾಮ್ರವಿರುವ ವೈರು ಹಿಗ್ಗುವುದಿಲ್ಲ. ಒಳಗಿನದೆಲ್ಲ ಕೊಳೆತು ಮೇಲಿನ ತೊಗಲು ಮಾತ್ರ ಉಳಿದಿದ್ದರೆ ರಬ್ಬರಿನಂತೆ ಹಿಗ್ಗುತ್ತದೆ. ಬ್ಲೇಡಿನಿಂದ ಸೀಳಿದ. ಹಸಿರು ಪುಡಿ ಅಂಗೈಗೆ ಉದುರಿತು.

ಈ ಲಾರಿಯ ಜೊತೆಗೆ ಎರಡು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಸೂಜಿ ಹಾಕಿದ ಗಾಡಿಗಳನ್ನು ನಿಂತಲ್ಲೇ ಬೆರಳು ಮಡಚುತ್ತಾ ನೆನೆದ. ಹಾಲಿನ ವ್ಯಾನು. ಆಂಬ್ಯುಲೆನ್ಸು. ಮರಳಿನ ಟಿಪ್ಪರು ಎರಡು. ಹನ್ನೊಂದರ ಮೇಲೆ ನೆನಪಾಗಲಿಲ್ಲ. ಪಟ್ಟಿ ಇಟ್ಟವನು ಸಿಕ್ಕಿಬೀಳುತ್ತಾನೆಂದು ಅವನು ಪಟ್ಟಿಯನ್ನೇ ಇಟ್ಟಿರಲಿಲ್ಲ. ಹನ್ನೆರಡನೆಯದು ಬೆರಳು ಮಡಚದೆಯೇ ನೆನಪಾಯಿತು: ಹೆಂಡತಿಯ ಬಸ್ಸು.

ಕೈ ಕೂಡ ತೊಳೆಯದೆ ಯಜಮಾನನ ಮನೆಗೆ ಹೋದ.

"ಬಸ್ಸು ಒಂದಿನ ಬಿಡಿ ಸಾರ್. ವೈರು ಬದಲಾಯಿಸ್ಬೇಕು, ಡಬ್ಬಿ ಕೀಳ್ಬೇಕು."

"ಕಿತ್ರೆ ಗುಡ್ಡ ಯಾರು ಹತ್ತಿಸ್ತಾರೆ? ನೀವು ತಳ್ತೀರಾ?"

"ನಲವತ್ತೇ ಜನ ಹಾಕಿ, ಎರಡು ಟ್ರಿಪ್ ಮಾಡಿ."

"ಎರಡು ವರ್ಷ ಓಡಿದೆಯಲ್ರೀ, ಏನಾಯ್ತು? ಈ ತಿಂಗಳೇ ತಪಾಸಣೆ ಇದೆ. ಈಗ ಹೋಗಿ ಗಂಟು ಹಾಕ್ತೀರಾ? ಯಾರಿಗೂ ಕಾಣಲ್ಲ ಅಂತ ಹೇಳಿದ್ದು ನೀವೇ ತಾನೇ?" ಯಜಮಾನ ಬಾಗಿಲವರೆಗೂ ಬಂದು ಹೆಗಲ ಮೇಲೆ ಕೈಯಿಟ್ಟ. "ಬಾಯಿ ಬಿಟ್ರೆ ಮೊದ್ಲು ಒಳಗೆ ಹೋಗೋರು ನೀವು. ಹುಷಾರು."

ಸಂಜೆ ಹೆಂಡತಿ ಚಹಾ ಲೋಟ ಹಿಡಿದು ಕೂತಿದ್ದಳು. "ನಾಳೆ ರಜ ಹಾಕು," ಎಂದ.

"ಯಾಕೆ? ಸಿನಿಮಾಕ್ಕೆ ಕರ್ಕೊಂಡು ಹೋಗ್ತೀರಾ? ಅಂಥ ಅದೃಷ್ಟ ಇದೆಯಾ ನಂಗೆ?"

ಅವನು ನಗಲಿಲ್ಲ. ಎಲ್ಲ ಹೇಳಿದ. ಅವಳು ಬೆರಳಿನ ಗೋಂದು ಸುಲಿಯುವುದನ್ನು ನಿಲ್ಲಿಸಿದಳು.

"ಬಸ್ಸು ಹಾರ್ತಿತ್ತು ಅಂತ ನಾನು ಹೇಳ್ದಾಗ ನೀವು ಸುಮ್ನೆ ಊಟ ಮಾಡ್ತಿದ್ರಿ."

"ಹೂಂ."

"ಈಗ ನಾನೊಬ್ಬಳು ಇಳಿದ್ರೆ ಏನಾಗುತ್ತೆ ರೀ? ಅರವತ್ತು ಹೋಗಿ ಐವತ್ತೊಂಬತ್ತು ಆಗುತ್ತೆ. ನಿಮ್ಮ ಲೆಕ್ಕ ಅಷ್ಟೇನಾ?"

"ಹಂಗಲ್ವೇ…"

"ನಾಳೆ ಹೋಗ್ತೀನಿ. ಡ್ರೈವರ್ ಹಿಂದಿನ ಸೀಟು ನಂದು, ಅಲ್ಲೇ ಕೂತಿರ್ತೀನಿ. ನೀವೇನು ಮಾಡ್ತೀರೋ ನೋಡೋಣ."

ಬೆಳಿಗ್ಗೆ ಹನಿ ಬೀಳುತ್ತಿತ್ತು. ಬಸ್ಸು ತುಂಬಿ, ಬಾಗಿಲಲ್ಲಿ ಆರೇಳು ಜನ ನೇತಾಡುತ್ತಿದ್ದರು. ಡಬ್ಬಿಯಣ್ಣ ಸಾಮಾನಿನ ಚೀಲ ಹಿಡಿದು ಬಸ್ಸಿನ ಮೂತಿಗೆ ಅಡ್ಡ ನಿಂತ.

"ಏನಣ್ಣ, ನೀವೂ ಶೂ ಅಂಟಿಸೋಕೆ ಬರ್ತೀರಾ?" ಎಂದು ಡ್ರೈವರ್ ಕಿಸಕ್ಕೆಂದ.

"ಎಂಜಿನ್ ಆಫ್ ಮಾಡು. ಏರಲ್ಲಿ ಏನಾದ್ರೂ ತೊಂದ್ರೆ ಕೊಡ್ತಿದ್ಯಾ?"

ಡ್ರೈವರನ ನಗು ಮಾಸಿತು. "ನಿನ್ನೆ ಮೂರನೇ ತಿರುವಲ್ಲಿ ಒಂದ್ಸಲ ಬಿಕ್ಕಳಿಸ್ತು. ನಿಮಗ್ಯಾರು ಹೇಳಿದ್ರು?"

ಬಾಗಿಲಲ್ಲಿದ್ದವಳೊಬ್ಬಳು ರೇಗಿದಳು. "ಗೇಟು ಹಾಕಿದ್ರೆ ನಮ್ಮ ಅರ್ಧ ದಿನ ನೀನು ಕೊಡ್ತೀಯೇನಯ್ಯಾ? ಅಡ್ಡ ಬಿಡು!"

"ಸ್ವಲ್ಪ ತಡೀರೇ," ಎಂದು ಕಿಟಕಿಯಿಂದ ಹೆಂಡತಿಯ ದನಿ ಬಂತು. "ಅವರೇನೋ ಹೇಳೋದಿದೆ. ಹೇಳ್ಲಿ."

ಬದುಕಿನುದ್ದಕ್ಕೂ ಅಡಗಿಸುವುದನ್ನೇ ಕಸುಬು ಮಾಡಿಕೊಂಡವನು ಅರವತ್ತು ಜನರ ಎದುರು ಬಾಯಿ ತೆರೆದ. ತಾನೇ ಚುಚ್ಚಿದ್ದು, ಕೊಳೆತಿರಬಹುದು, ಏರಿನಲ್ಲಿ ನಿಲ್ಲಬಹುದು, ನಿಂತರೆ ಬ್ರೇಕು ಹಿಡಿಯದು ಎಂದ. ಬಾನೆಟ್ ಎತ್ತಿ ಕೈ ಹಾಕಿದ. ವೈರುಗಳ ಕಟ್ಟಿನ ಮೇಲೆ ಬೆರಳಾಡಿಸಿದ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.

ಸಿಗಲಿಲ್ಲ.

ಅಷ್ಟು ಚೆನ್ನಾಗಿ ಅಡಗಿಸಿದ್ದ. ಮಳೆ ನೀರು ಕತ್ತಿನಿಂದ ಬೆನ್ನಿಗಿಳಿಯಿತು. "ಇಲ್ಲದ್ದನ್ನ ಹುಡುಕ್ತಾ ಕೂತವ್ನೆ," ಎಂದು ಯಾರೋ ನಕ್ಕರು. ಡ್ರೈವರ್ ಕೀಲಿಗೆ ಕೈ ಹಾಕಿದ. ಹಿಂದಿನ ಸೀಟಿನಿಂದ ಹೆಂಡತಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಡಬ್ಬಿಯಣ್ಣ ಬ್ಲೇಡು ತೆಗೆದು ಇಡೀ ಕಟ್ಟನ್ನು ಉದ್ದಕ್ಕೆ ಸೀಳಿದ. ಒಂದೊಂದೇ ವೈರು ಎಳೆಯುತ್ತಾ ಬಂದ. ಐದನೆಯದು ಹಿಗ್ಗಿತು. ಬೆರಳಿನ ಉದ್ದ, ಗೇಣಿನ ಉದ್ದ, ಆಮೇಲೆ ಕೈಯಲ್ಲೇ ತುಂಡಾಯಿತು. ಹಸಿರು ಪುಡಿಯನ್ನು ಅಂಗೈಯಲ್ಲಿ ಹಿಡಿದು ಬಾಗಿಲ ಬಳಿ ತಂದು ತೋರಿಸಿದ. ಎಲ್ಲರಿಗಿಂತ ಹಿರಿಯಳಾದ ಒಬ್ಬ ಹೆಂಗಸು ಮೊದಲು ಇಳಿದಳು, ಮರೆತುಬಿಟ್ಟ ಬುತ್ತಿಗಾಗಿ ಕೂಡ ಮತ್ತೆ ಹತ್ತಲಿಲ್ಲ.

ಅವನು ಅಲ್ಲೇ ಕೊಡೆಯ ಕೆಳಗೆ ಹೊಸ ವೈರು ಹಾಕಿ ಬೆಸೆದ. ಡಬ್ಬಿಯನ್ನು ಕಿತ್ತು ಚೀಲಕ್ಕೆ ಹಾಕಿದ. ಬೆಸುಗೆಯ ಮೇಲೆ ನೀರು ಹೋಗದಂತೆ ಕೆಂಪು ಪ್ಲಾಸ್ಟಿಕ್ ಕೊಳವೆ ಏರಿಸಿ, ದಪ್ಪ ಗಂಟನ್ನು ಯಾರಿಗಾದರೂ ಕಾಣುವಂತೆ ಮೇಲೆಯೇ ಬಿಟ್ಟ. ನಲವತ್ತು ಜನರನ್ನು ಹೊತ್ತ ಬಸ್ಸು ನರಳುತ್ತಾ ಗುಡ್ಡ ಹತ್ತಿತು. ಗೇಟು ಹಾಕಿತ್ತು. ಎಲ್ಲರ ಅರ್ಧ ದಿನ ಹೋಯಿತು; ಅದಕ್ಕೆ ಅವನನ್ನು ಬೈದವರೂ ಇದ್ದಾರೆ. ಯಜಮಾನ ಅವನ ಮೇಲೆ ದೂರು ಕೊಟ್ಟ: ಬಸ್ಸಿನ ವೈರಿಂಗ್ ಹಾಳು ಮಾಡಿದನೆಂದು. ವಿಚಾರಣೆಗೆ ಕರೆದಾಗಲೆಲ್ಲ ಹೋಗಿ ಬರುತ್ತಾನೆ, ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾನೆ. ಡಬ್ಬಿ ಹಾಕಿಸಿದ ಯಜಮಾನನನ್ನು ಈವರೆಗೆ ಯಾರೂ ಕರೆದಿಲ್ಲ.

ಈಗ ಆ ಹೆಂಗಸರು ಬಸ್ಸು ಹತ್ತುವ ಮುನ್ನ ಬಾನೆಟ್ ತೆಗೆಸುತ್ತಾರೆ. ಕೆಂಪು ಗಂಟು ಮೊದಲಿನಂತೆಯೇ ಇದೆಯೇ ಎಂದು ಡಬ್ಬಿಯಣ್ಣನ ಹೆಂಡತಿ ಬೆರಳಿಂದ ಮುಟ್ಟಿ ನೋಡುತ್ತಾಳೆ. ಇದ್ದರೆ ಹತ್ತುತ್ತಾರೆ, ನಲವತ್ತೇ ಜನ. ಉಳಿದವರು ಎರಡನೆಯ ಟ್ರಿಪ್ಪಿಗೆ ಕಾಯುತ್ತಾರೆ.

ಆ ಒಂದು ಬಸ್ಸಿನ ಕಥೆ ಇಷ್ಟು. ಉಳಿದ ಹನ್ನೊಂದು? ನೆನಪಾಗದ ಮಿಕ್ಕವು?

ಕೆಲವು ಮಾರಾಟವಾಗಿವೆ, ಕೆಲವಕ್ಕೆ ಬಣ್ಣ ಬದಲಾಗಿದೆ. ಅಂಗಡಿ ಮುಚ್ಚಿ ಡಬ್ಬಿಯಣ್ಣ ಹಗಲೆಲ್ಲ ಗುಡ್ಡದ ಬುಡದಲ್ಲಿ, ಏರು ಶುರುವಾಗುವ ಕಡೆ, ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿರುತ್ತಾನೆ. ಕಣ್ಣು ಮುಚ್ಚಿರುತ್ತದೆ, ಕಿವಿ ಮಾತ್ರ ರಸ್ತೆಯಲ್ಲಿ. ತನ್ನ ಡಬ್ಬಿಯ ಸದ್ದು ಕೇಳಿಸಿದರೆ ಧಡಕ್ಕನೆ ಎದ್ದು ರಸ್ತೆಗಿಳಿದು ಎರಡೂ ಕೈ ಎತ್ತುತ್ತಾನೆ. ಡ್ರೈವರುಗಳು ಯಾರೋ ದಾರಿಹೋಕ ಲಿಫ್ಟ್ ಕೇಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಜಾಗವಿಲ್ಲವೆಂದು ಕೈಯಾಡಿಸಿ, ಕರಿಹೊಗೆಯನ್ನು ಅವನ ಮುಖಕ್ಕೆ ಬಿಟ್ಟು, ಏರು ಹತ್ತುತ್ತಾರೆ.

ನಿನ್ನೆ ಹಾಗೆ ಹೋದದ್ದು ಆಂಬ್ಯುಲೆನ್ಸು. ಅದರ ಸದ್ದು ಮೊದಲ ತಿರುವು ದಾಟಿತು, ಎರಡನೆಯದನ್ನೂ ದಾಟಿತು. ಮೂರನೆಯದಕ್ಕೆ ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ.