ಅಳತೆ ಕೊಟ್ಟ ಕೊಲೆಗಾರರು

ನಮ್ಮ ಬೀದಿಯ ಟೈಲರ್ ಮಾಸ್ಟರು ಹನ್ನೊಂದು ಪತ್ತೇದಾರಿ ಕಾದಂಬರಿ ಬರೆದು ಅಚ್ಚು ಹಾಕಿಸಿದವರು. ಹನ್ನೊಂದರಲ್ಲೂ ಸೇರಿ ಹತ್ತೊಂಬತ್ತು ಜನರನ್ನು ಕೊಂದಿದ್ದಾರೆ. ಖುದ್ದು ಜಿರಳೆ ಕಂಡರೆ ಸ್ಟೂಲು ಹತ್ತಿ ಹೆಂಡತಿಯನ್ನು ಕೂಗುವ ಮನುಷ್ಯ.

ಸ್ಫೂರ್ತಿ ಎಲ್ಲಿಂದ ಬರುತ್ತದೆಂದು ಯಾರಾದರೂ ಕೇಳಿದರೆ ಆಕಾಶ ನೋಡುತ್ತಾರೆ. ನಿಜ ಹೇಳಬೇಕೆಂದರೆ ಅದು ಬರುವುದು ಜೇಬುಗಳಿಂದ. ರಿಪೇರಿಗೆ ಬಂದ ಪ್ಯಾಂಟಿನ ಜೇಬಿನಲ್ಲಿ ಒಂಟಿ ಕಿವಿಯೋಲೆ ಸಿಕ್ಕಿತೋ, ಮಾಸ್ಟರಿಗೆ ಆ ದಿನ ಊಟ ರುಚಿಸುವುದಿಲ್ಲ. ಓಲೆಯನ್ನು ಪ್ರಾಮಾಣಿಕವಾಗಿ ಗಿರಾಕಿಗೆ ಒಪ್ಪಿಸುತ್ತಾರೆ. ಗಿರಾಕಿಯನ್ನು ಮಾತ್ರ ಎರಡನೆಯ ಅಧ್ಯಾಯದಲ್ಲಿ ಬಾವಿಗೆ ತಳ್ಳುತ್ತಾರೆ. ಬೇರೆಯವರ ಪತ್ತೇದಾರಿ ಪುಸ್ತಕಗಳನ್ನು ಅವರು ಓದುವುದು ಕೊನೆಯ ಪುಟದಿಂದ ಹಿಂದಕ್ಕೆ. "ಹೊಲಿಗೆ ಬಿಚ್ಚಿ ನೋಡಿದ್ರೆ ತಾನೇ ಹೇಗೆ ಹೊಲಿದಿದಾನೆ ಅಂತ ಗೊತ್ತಾಗೋದು?" ಎನ್ನುವುದು ಅವರ ವಾದ. ಪ್ರೇಮಕತೆ ಕಂಡರೆ ಮೂಗು ಮುರಿಯುತ್ತಾರೆ. ಆದರೆ ಮಾತ್ರೆ ಡಬ್ಬಿಯೊಳಗಿನ ಚೀಟಿ ಸಿಕ್ಕಿತೆಂದರೆ, ಎಷ್ಟು ನುಂಗಿದರೆ ಏನಾಗುತ್ತದೆ ಎಂಬಲ್ಲಿಂದ ಹಿಡಿದು ಕೊನೆಯ ಸಾಲಿನವರೆಗೆ ಬಾಯಲ್ಲಿ ನೀರೂರಿಸಿಕೊಂಡು ಓದುತ್ತಾರೆ.

ಬರೆಯುವುದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆಯುವ ಮೊದಲು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಕಟಿಂಗಿಗೆಂದು ತಂದಿಟ್ಟ ಕಂದು ಕಾಗದದಲ್ಲಿ. ಹೀಗಾಗಿ ಒಮ್ಮೆ ಶವಪರೀಕ್ಷೆಯ ವರದಿ ಪೂರ್ತಿ ಯಾರದೋ ಕಾಲರಿನ ಆಕಾರದಲ್ಲಿ ಕತ್ತರಿಸಿಹೋಗಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಬರೆದದ್ದನ್ನು ಹೆಂಡತಿಗೆ ಓದಿ ಹೇಳುತ್ತಾರೆ. ಆಕೆ ಬಾಗಿಲ ಬೆಳಕಿಗೆ ಕುಳಿತು ಶರ್ಟುಗಳಿಗೆ ಗುಂಡಿಯ ಕಾಜಾ ಹಾಕುತ್ತಾ ಕೇಳುತ್ತಾರೆ. ಮೂರನೆಯ ಅಧ್ಯಾಯ ಮುಗಿಯುವುದರೊಳಗೆ, ಕಣ್ಣು ಸೂಜಿಯ ಮೇಲಿಟ್ಟುಕೊಂಡೇ, "ಆ ಮ್ಯಾನೇಜರ್ರೇ ಕೊಂದಿದ್ದು, ಅಲ್ವಾ?" ಎಂದುಬಿಡುತ್ತಾರೆ. ಹನ್ನೊಂದಕ್ಕೆ ಹನ್ನೊಂದೂ ಸರಿ.

ಎದುರಿನ ಇಸ್ತ್ರಿ ಅಂಗಡಿಯವನಿಗೆ ಇದೇ ತಮಾಷೆ. ಹೊಸ ಪುಸ್ತಕ ಬಂದಾಗಲೆಲ್ಲ, "ಮಾಸ್ಟ್ರೇ, ಓದೋಕೆ ಪುರುಸೊತ್ತಿಲ್ಲ. ಕೊಲೆಗಾರ ಯಾರು ಅಂತ ಅಕ್ಕನ್ನೇ ಕೇಳ್ತೀನಿ ಬಿಡಿ," ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ಹನ್ನೊಂದನೆಯ ಸಲ ಮಾಸ್ಟರಿಗೆ ರೇಗಿಹೋಯಿತು. ಕತ್ತರಿ ಎತ್ತಿ ಹಿಡಿದು, "ಮುಂದಿನ ಸಲವೂ ಇವಳು ಕಂಡುಹಿಡಿದ್ರೆ ನಾನು ಪೆನ್ನು ಮುಟ್ಟಲ್ಲ! ಬರೀ ಹೊಲಿಗೆ!" ಎಂದು ನಡುಬೀದಿಯಲ್ಲೇ ಶಪಥ ಮಾಡಿಬಿಟ್ಟರು. ಒಳಗೆ ಬಂದು ಕತ್ತರಿ ಕೆಳಗಿಟ್ಟರು. ಮೆಲ್ಲಗೆ ಹೆಂಡತಿಯನ್ನು ಕೇಳಿದರು.

"ಅಲ್ವೇ, ನಿಂಗೆ ಅದು ಹೇಗೆ ಗೊತ್ತಾಗತ್ತೆ?"

"ಗೊತ್ತಾಗ್ದೆ ಏನ್ರೀ? ನಿಮ್ಮ ಕತೇಲಿ ಎಲ್ರೂ ಸುಮ್ನೆ ಶರ್ಟು ಹಾಕ್ಕೊಂಡಿರ್ತಾರೆ. ಒಬ್ನಿಗೆ ಮಾತ್ರ ಎದೆ ನಲವತ್ತು, ಭುಜ ಹದಿನೆಂಟು, ತೋಳು ಇಪ್ಪತ್ನಾಲ್ಕೂವರೆ. ಅಷ್ಟೊಂದು ಅಳತೆ ತಗೊಂಡ್ಮೇಲೆ ಅವ್ನನ್ನ ಸುಮ್ನೆ ಬಿಡ್ತೀರಾ?"

ಮಾಸ್ಟರು ಇಂಗು ತಿಂದ ಮಂಗನಂತಾದರು. ಏನು ಮಾಡುವುದು, ಯಾರ ಬಗ್ಗೆ ಹೆಚ್ಚು ಯೋಚಿಸುತ್ತಾರೋ ಅವರ ಮೈಗೆ ಕೈ ತಾನಾಗಿಯೇ ಟೇಪು ಹಿಡಿದುಬಿಡುತ್ತಿತ್ತು.

ಹನ್ನೆರಡನೆಯ ಕಾದಂಬರಿಯಲ್ಲಿ ಅವರು ಒಬ್ಬರನ್ನೂ ಬಿಡದೆ ಅಳತೆ ತೆಗೆದರು. ಡಾಕ್ಟರಿಗೆ, ಅಂಚೆಯವನಿಗೆ, ಮನೆಯ ದೊಡ್ಡಮ್ಮನಿಗೆ, ಸತ್ತ ಯಜಮಾನನಿಗೆ, ಕೊನೆಗೆ ಪತ್ತೇದಾರನ ನಾಯಿಯ ಕತ್ತಿಗೂ. ಪುಸ್ತಕ ಅರವತ್ತು ಪುಟ ಹೆಚ್ಚಾಯಿತು. ಓದತೊಡಗಿದರು. ಮೂರನೆಯ ಅಧ್ಯಾಯ ಮುಗಿಯಿತು, ಆಕೆ ತುಟಿ ಬಿಚ್ಚಲಿಲ್ಲ. ಏಳನೆಯದೂ ಮುಗಿಯಿತು. ಬರೆಯುವುದು ನಿಂತರೆ ಬೆಳಗಿನ ಆ ಒಂದು ಗಂಟೆ ಏನು ಮಾಡಲಿ ಎಂದು ನೆನೆದು ಮಾಸ್ಟರಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಕೊನೆಯ ಅಧ್ಯಾಯವೊಂದನ್ನು ಉಳಿಸಿಕೊಂಡು, ಇಸ್ತ್ರಿಯವನನ್ನು ಸಾಕ್ಷಿಗೆ ಕರೆದು, "ಈಗ ಹೇಳು, ಯಾರು?" ಎಂದರು.

ಆಕೆ ಬಹಳ ಹೊತ್ತು ಯೋಚಿಸಿದರು. "ಡಾಕ್ಟ್ರು ಇರ್ಬೇಕು."

"ತಪ್ಪು!" ಮಾಸ್ಟರು ಟೇಪನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡು ಮೇಜಿನ ಸುತ್ತ ಕುಣಿದರು. "ಯಾರು ಅಂತ ಈಗ ಹೇಳಲ್ಲ. ಇಬ್ರೂ ಪುಸ್ತಕ ಬಂದ್ಮೇಲೆ ಓದಿ ತಿಳ್ಕೊಳ್ಳಿ!" ಇಸ್ತ್ರಿಯವನು ಪೆಚ್ಚುಮೋರೆ ಹಾಕಿಕೊಂಡು ಎದ್ದುಹೋದ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಬಡಿಸುತ್ತಾ, ಏನೋ ನೆನಪಾದವರಂತೆ ಹೇಳಿದರು: "ರೀ, ಪಾಪ ಆ ದೊಡ್ಡಮ್ಮನ್ನ ಜೈಲಿಗೆ ಕಳಿಸೋವಾಗ ಕೋಟು ಕಿತ್ಕೋಬೇಡಿ. ಅವರೊಬ್ರಿಗೇ ಲೈನಿಂಗ್ ಹಾಕಿ ಹೊಲಿದಿದೀರಿ, ಚಳಿಗಾಗತ್ತೆ."

ತುತ್ತು ಮಾಸ್ಟರ ಬಾಯಿಯ ಹತ್ತಿರವೇ ನಿಂತಿತು. ಕೊಂದವಳು ದೊಡ್ಡಮ್ಮ ಎಂದು ಅವರು ಇನ್ನೂ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಅವರು ಹಿಡಿದುಕೊಟ್ಟ ಅಪರಾಧಿಗಳೆಲ್ಲ ಕಾಗದದ ಮೇಲಿನವರು; ಕಣ್ಣೆದುರೇ ಬಾಯಿ ಜಾರಿ ಸಿಕ್ಕಿಬಿದ್ದವಳು ಹೆಂಡತಿಯೊಬ್ಬಳೇ. ಆಕೆಗೂ ಹೊಳೆಯಿತು. ನಾಲಿಗೆ ಕಚ್ಚಿಕೊಂಡು ಪಾತ್ರೆಯ ತಳದಲ್ಲಿ ಏನನ್ನೋ ಹುಡುಕತೊಡಗಿದರು.

ಮಧ್ಯಾಹ್ನ ಗೆದ್ದೆನೆಂದು ಕುಣಿದಾಗ ಆಗದಷ್ಟು ಖುಷಿ ಮಾಸ್ಟರಿಗೆ ಈಗ ಆಯಿತು. ತಾನು ಬರೆಯುತ್ತಲೇ ಇರಬೇಕೆಂಬ ಆಸೆ ಇವಳಿಗೆ ಇಷ್ಟೊಂದು ಇದೆಯೆಂದು ಮೂವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಪತ್ತೇದಾರಿ ನಿಯಮದ ಪ್ರಕಾರ ಈಗ ಅಪರಾಧಿಯ ಹೆಸರು ಹೇಳಬೇಕು, ಶಪಥದ ಪ್ರಕಾರ ಪೆನ್ನು ಎಸೆಯಬೇಕು.

"ಯಾವ ದೊಡ್ಡಮ್ಮ?" ಎಂದರು ಮಾಸ್ಟರು. "ನಂಗೇನೂ ಕೇಳಿಸ್ಲಿಲ್ಲ. ಇನ್ನೊಂದು ಸೌಟು ಬಡಿಸು. ಬೆಳಿಗ್ಗೆ ಬೇಗ ಏಳ್ಬೇಕು, ಹೊಸದು ಶುರು ಮಾಡೋದಿದೆ."