ಸಂಘಮಿತ್ರ ಕೇಳಿದ ಏಟು

ಸಂಘಮಿತ್ರ ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ನಾನು ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುತ್ತೇನೆ. ಹನ್ನೊಂದು ವರ್ಷದಿಂದ ಇಬ್ಬರೂ ಮಧ್ಯಾಹ್ನ ಒಟ್ಟಿಗೇ ಡಬ್ಬಿ ಬಿಚ್ಚುತ್ತೇವೆ. ಅವಳಿಗೆ ಮೂವತ್ತೊಂಬತ್ತು. ಊರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ, ಈಗಿರುವುದು ಚಿಕ್ಕಬಳ್ಳಾಪುರದಲ್ಲಿ. ಗಂಡ ಚಿರಂಜೀವಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೌಕರ. ಅಪ್ಪ ಎರ್ರಪ್ಪ ಇವಳ ಜೊತೆಯಲ್ಲೇ ಇದ್ದಾರೆ. ಅಣ್ಣ ವೇಣು ಗೌರಿಬಿದನೂರಿನ ಒಂದು ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್.

ಭಾನುವಾರ ಡ್ಯೂಟಿ ಬಿದ್ದರೆ ಅವಳಿಗೆ ಬಿಡುವಿಲ್ಲ. ಸ್ಕಂದಗಿರಿ ಹತ್ತಿ ಕಾಲು ಉಳುಕಿಸಿಕೊಂಡವರು ಒಬ್ಬರ ಹಿಂದೊಬ್ಬರು ಕುಂಟುತ್ತ ಬರುತ್ತಾರೆ. ಉಳಿದ ದಿನ ಇಬ್ಬರು ರೋಗಿಗಳ ನಡುವೆ ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷಗಳಲ್ಲೇ ಅವಳಿಗೆ ಹೊಸ ಹುಚ್ಚು ಹತ್ತಿದ್ದು.

ಶುರುವಾಗಿದ್ದು ರಿಂಗ್‌ಟೋನಿನಿಂದ. ನಮ್ಮಲ್ಲಿ ಎಲ್ಲರ ಫೋನೂ ಒಂದೇ ಥರ ಕೂಗುತ್ತದೆ, ಒಂದು ಮೊಳಗಿದರೆ ಆರು ಜನ ಜೇಬು ಮುಟ್ಟಿಕೊಳ್ಳುತ್ತಾರೆ. ತನ್ನದು ಬೇರೆ ಇರಲಿ ಅಂತ ಅವಳು ಚಿಕ್ಕಂದಿನಲ್ಲಿ ಪಕ್ಕದ ಮನೆಯ ಟೀವಿ ಗೇಮಿನಲ್ಲಿ ಕೇಳಿದ್ದ ಕಿಣಿಕಿಣಿ ರಾಗವನ್ನು ಯೂಟ್ಯೂಬಿನಲ್ಲಿ ಹುಡುಕಿದಳು. ಅದು ಸಿಗಲಿಲ್ಲ. ಅದೇ ದನಿಯ ಬೇರೆ ಸಂಗೀತ ಸಿಕ್ಕಿತು, ಹಿಂದಿನ ವಾರವಷ್ಟೇ ಯಾರೋ ಹೊಸದಾಗಿ ಮಾಡಿ ಹಾಕಿದ್ದು. ಆ ಕಾಲದ ಗೇಮ್ ಮಿಷನ್ನಿನೊಳಗೆ ಒಂದು ಚಿಪ್ ಇರುತ್ತಿತ್ತಂತೆ. ಅದಕ್ಕೆ ಬರುತ್ತಿದ್ದುದು ನಾಲ್ಕೇ ದನಿ. ಮೂರು ರಾಗಕ್ಕೆ, ಇನ್ನೊಂದು ತಗಡಿನ ಮೇಲೆ ಮರಳು ಸುರಿದ ಹಾಗೆ ಬರೀ ಗದ್ದಲ. ಆ ನಾಲ್ಕನ್ನೇ ಇಟ್ಟುಕೊಂಡು ಇವತ್ತಿಗೂ ಹೊಸ ಹಾಡು ಕಟ್ಟುವವರು ದೇಶದೇಶಗಳಲ್ಲಿ ಇದ್ದಾರೆ. ಅದನ್ನು ಚಿಪ್‌ಟ್ಯೂನ್ ಅನ್ನುತ್ತಾರೆ.

"ನಾಲ್ಕೇ ದನೀಲಿ ಇಷ್ಟೆಲ್ಲ ಮಾಡ್ತಾರೆ ಕಣೇ ಕಲ್ಯಾಣಿ," ಅಂತ ನನ್ನ ಕಿವಿಗೆ ಇಯರ್‌ಫೋನ್ ತುರುಕಿದಳು. ನನಗೆ ಫ್ಯಾಕ್ಸ್ ಮಿಷನ್ನಿಗೆ ಮೈ ಮೇಲೆ ದೇವರು ಬಂದ ಹಾಗೆ ಕೇಳಿಸಿತು. ಅವಳಿಗೆ ಅದರಲ್ಲಿ ಏನೋ ಸಿಕ್ಕಿತ್ತು. ವಾರಕ್ಕೊಬ್ಬ ಹೊಸ ಕಲಾವಿದನನ್ನು ಹುಡುಕಿಕೊಂಡು ಬರುತ್ತಿದ್ದಳು. ಪೋಲೆಂಡಿನ ಒಬ್ಬಳು ನರ್ಸು. ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಫಿಲಿಪೀನ್ಸಿನ ಒಬ್ಬಾತ. ಸ್ಟುಡಿಯೋ ಇರುವವರು ಯಾರೂ ಅಲ್ಲ. ಕೆಲಸ ಮುಗಿಸಿ ಬಂದು ಹಳೇ ಮಿಷನ್ನು ಹಿಡಿದು ಕೂರುವ ಮಂದಿ. ಅದೇ ಅವಳಿಗೆ ಹಿಡಿಸಿದ್ದು.

ಅವರ ಪೈಕಿ ಒಬ್ಬನ ಹೆಸರು 'ಲೂಸ್ ನ್ಯೂಟ್ರಲ್'. ಎಲ್ಲಿಯವನು ಅಂತ ಹಾಕಿರಲಿಲ್ಲ. ಬ್ರೆಜಿಲ್ಲಿನವನಿರಬೇಕು ಅಂತ ಇವಳ ಲೆಕ್ಕ, ಯಾಕೆ ಅಂತ ಕೇಳಿದರೆ ಕಾರಣ ಇರಲಿಲ್ಲ. ಅವನ ಹಾಡುಗಳ ಕೆಳಗೆ ಇವಳು 'ಎಕ್ಸ್‌ರೇ ರೂಮ್' ಅನ್ನುವ ಹೆಸರಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಮಧ್ಯದ ಭಾಗ ಚೆನ್ನಾಗಿದೆ ಸರ್, ಕೊನೆ ಅವಸರವಾಯಿತು ಸರ್. ಆತನೂ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದ. ಥ್ಯಾಂಕ್ಯೂ ಸರ್, ನೀವು ಹೇಳಿದ್ದು ಸರಿ ಸರ್. ಹೀಗೆ ಒಂದು ವರ್ಷ ನಡೆದಿತ್ತು.

ಕಳೆದ ಆಗಸ್ಟಿನ ಒಂದು ಬುಧವಾರ ಊಟದ ಹೊತ್ತಿಗೆ ಲೂಸ್ ನ್ಯೂಟ್ರಲ್‌ನ ಹೊಸ ಹಾಡು ಬಂದಿತ್ತು. ನಾನು ಮುದ್ದೆ ಮುರಿಯುತ್ತಿದ್ದೆ. ಎದುರಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದವಳ ಮುಖದ ಬಣ್ಣವೇ ಹೋಯಿತು. ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

"ಏನಾಯ್ತೇ?" ಅಂದೆ.

ಮೊದಲಿಂದ ಹಾಕಿ ಮತ್ತೆ ಕೇಳಿದಳು. ಮೂರನೇ ಸಲ ಕೇಳಿ ಇಯರ್‌ಫೋನ್ ತೆಗೆದಿಟ್ಟಳು.

"ಇದು ನಮ್ಮ ನಾಯ್ನಂದು."

ಅವರ ಮನೆಯಲ್ಲಿ ಅಪ್ಪನನ್ನು ನಾಯ್ನ ಅನ್ನುತ್ತಾರೆ. ನನಗೆ ತಲೆಬುಡ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ಹೇಳದೇ ಇದ್ದುದನ್ನು ಆವತ್ತು ಹೇಳಿದಳು.

ಎರ್ರಪ್ಪ ಕೆಂಚಾರ್ಲಹಳ್ಳಿಯಲ್ಲಿ ತಮಟೆ ಬಡಿಯುತ್ತಿದ್ದರು. ಸುತ್ತ ಹತ್ತು ಹಳ್ಳಿಯಲ್ಲಿ ಯಾರು ಸತ್ತರೂ ಅವರಿಗೆ ಕರೆ ಬರುತ್ತಿತ್ತು. ಹೆಣ ಎತ್ತುವವರೆಗೆ ಅಂಗಳದಾಚೆ ಬಿಸಿಲಲ್ಲಿ ನಿಂತು ಬಡಿಯಬೇಕು, ಕೊಟ್ಟ ಅನ್ನ ಅಲ್ಲೇ ನಿಂತು ತಿನ್ನಬೇಕು. ಒಂದು ಸಲ ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ ಎಡಗೈಯ ಉಂಗುರದ ಬೆರಳು ಹೋಯಿತು. ತಮಟೆಗೆ ಎಡಗೈಲಿ ಸಣ್ಣ ಕಡ್ಡಿ ಹಿಡಿಯಬೇಕು. ಬೆರಳು ಹೋದ ಮೇಲೆ ಸಾವಿನ ಬಡಿತದ ಮೂರನೇ ಸುತ್ತಿನಲ್ಲಿ ಒಂದು ಏಟು ಬೀಳದೆ ಖಾಲಿ ಹೋಗುತ್ತಿತ್ತು. ದೂರದ ಹೊಲದಲ್ಲಿದ್ದವರೂ ಆ ಖಾಲಿ ಕೇಳಿ, ಬಡಿಯುತ್ತಿರುವುದು ಎರ್ರಪ್ಪ ಅಂತ ಹೇಳಿಬಿಡುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಚಿಂತಾಮಣಿಯಲ್ಲಿ ಮನೆಮಂದಿಯೆಲ್ಲ ಬೌದ್ಧ ದೀಕ್ಷೆ ತಗೊಂಡರು. ಮಗಳಿಗೆ ಸಂಘಮಿತ್ರ ಅನ್ನುವ ಹೆಸರು ಬಂದಿದ್ದು ಆಗಲೇ. ಎರ್ರಪ್ಪ ಮಾತ್ರ, ಈ ವಯಸ್ಸಲ್ಲಿ ಹೊಸ ಹೆಸರಿಟ್ಟರೆ ಯಾರು ಕರೀತಾರೆ ಅಂತ ಹಳೆಯದನ್ನೇ ಉಳಿಸಿಕೊಂಡರು. ವಾಪಸ್ ಬಂದ ದಿನವೇ ತಮಟೆಯ ಚರ್ಮ ಕೊಯ್ದು ಹಾಕಿದರು. ಹದಿನೇಳು ವರ್ಷದ ವೇಣುವಿನ ಕೈಲಿ, ಇನ್ನು ಚರ್ಮ ಮುಟ್ಟಲ್ಲ ಅಂತ ಮಾತು ತಗೊಂಡರು. ಆಮೇಲೆ ಆ ಮನೆಯಲ್ಲಿ ತಮಟೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

"ಆ ಖಾಲಿ ಇದರಲ್ಲಿ ಐತೆ," ಅಂದಳು ಸಂಘಮಿತ್ರ. "ಸರಿಯಾಗಿ ಮೂರನೇ ಸುತ್ತಲ್ಲೇ ಐತೆ. ಬ್ರೆಜಿಲ್ಲಿನವನಿಗೆ ಎಲ್ಲಿಂದ ಸಿಕ್ತು ಇದು?"

ಆ ಏಟು ಯಾರದು ಸರ್, ಅಂತ ಬರೆದು ಹಾಕಿದಳು. ಶುಕ್ರವಾರ ಉತ್ತರ ಬಂತು. ನನ್ನ ತಂದೆಯದು ಸರ್, ಅವರಿಗೆ ಇದು ಗೊತ್ತಿಲ್ಲ, ಗೊತ್ತಾಗಲೂಬಾರದು.

ಅವಳು ಆ ಫೋನನ್ನು ನನ್ನ ಕೌಂಟರಿನ ಮೇಲಿಟ್ಟು, ನೀನೇ ಓದು ಅಂದಳು. ನಾನು ಓದಿದೆ. ಆಮೇಲೆ ಅವಳು ಅಲ್ಲೇ ನಿಂತು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆದಳು. 'ನಿಮ್ಮ ತಂದೆಗೆ ಎಡಗೈಲಿ ಉಂಗುರದ ಬೆರಳು ಇಲ್ವಾ?'

ಹತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ವೇಣಣ್ಣ' ಅಂತಿತ್ತು. ಮಿಲ್ಲಿನ ಗದ್ದಲದ ನಡುವೆ ಆತ ಕೇಳಿದ್ದು ನನಗೂ ಕೇಳಿಸಿತು.

"ಮಿತ್ರಾ, ನೀನಾ?"

"ನಾನೇ ಅಣ್ಣ," ಅಂದಳು. ಅಣ್ಣ ತಂಗಿ ಫೋನಿನಲ್ಲಿ ಮಾತಾಡುತ್ತಿದ್ದುದು ತಿಂಗಳಿಗೆರಡು ಸಲ, ಅದೂ ಅಪ್ಪನ ಶುಗರ್ ಮಾತ್ರೆಯ ವಿಷಯ. ವೇಣು ಹಾಡು ಕೇಳಿದ್ದನ್ನು ಅವಳು ನೋಡೇ ಇರಲಿಲ್ಲ. ಮದುವೆ ಮನೆಯಲ್ಲಿ ಬ್ಯಾಂಡು ಬಂದರೆ ಎದ್ದು ಹೊರಗೆ ಹೋಗುವ ಮನುಷ್ಯ. ಅವನ ಜೊತೆ ಒಂದು ವರ್ಷ ಸರ್ ಸರ್ ಅಂತ ಮಾತಾಡಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಆವತ್ತು ಮೂರು ಎಕ್ಸ್‌ರೇ ಎರಡೆರಡು ಸಲ ತೆಗೆದಳು.

ಮರುವಾರ ರಜೆ ಹಾಕಿ ಗೌರಿಬಿದನೂರಿಗೆ ಹೋದಳು. ಮಿಲ್ಲಿನ ಸ್ಕ್ರ್ಯಾಪಿನಲ್ಲಿ ಸಿಕ್ಕಿದ್ದ ಒಂದು ಅಂಗೈಯಗಲದ ಹಳೇ ಗೇಮ್ ಮಿಷನ್ನನ್ನು ವೇಣು ರಿಪೇರಿ ಮಾಡಿ ಇಟ್ಟುಕೊಂಡಿದ್ದ. ಅದರಲ್ಲಿ ಹಾಡು ಕಟ್ಟುವುದನ್ನು ಯೂಟ್ಯೂಬಿನಲ್ಲಿ ನೋಡಿ ನೋಡಿ ಕಲಿತಿದ್ದ. ಲೂಸ್ ನ್ಯೂಟ್ರಲ್ ಅನ್ನುವುದೂ ಎಲೆಕ್ಟ್ರಿಷಿಯನ್ನರ ಮಾತೇ, ಸಡಿಲಾದ ಕರೆಂಟಿನ ತಂತಿ. ಆರು ವರ್ಷದಿಂದ ಮಾಡುತ್ತಿದ್ದಾನೆ, ಹೆಂಡತಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ.

"ನಾಯ್ನಂಗೆ ಮಾತು ಕೊಟ್ಟಿದ್ಯಲ್ಲಣ್ಣ," ಅಂದಳಂತೆ ಇವಳು.

"ಚರ್ಮ ಮುಟ್ಟಲ್ಲ ಅಂದಿದ್ದೆ. ಇದರಲ್ಲಿ ಚರ್ಮ ಇಲ್ವಲ್ಲಮ್ಮ," ಅಂದನಂತೆ ವೇಣು. "ಏಳು ವರ್ಷದವನಿದ್ದಾಗಿಂದ ನಾಯ್ನ ಹತ್ರ ಕಲ್ತಿದ್ದು. ಬಿಡು ಅಂದ್ರೆ ಕೈ ಬಿಡುತ್ತೆ. ತಲೆ ಬಿಡಲ್ಲ ಕಣೇ," ಅಂದನಂತೆ.

ಅಪ್ಪನಿಗೆ ಹೇಳುವುದು ಬೇಡ ಅಂತ ಇಬ್ಬರೂ ತೀರ್ಮಾನ ಮಾಡಿದರು. ಆದರೆ ಅಪ್ಪನ ಎದುರು ಸಂಘಮಿತ್ರಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಪ್ಪನಿಗೆ ತಟ್ಟೆ ಹಾಕುವಾಗೆಲ್ಲ ಕಳ್ಳತನ ಮಾಡಿದ ಹಾಗಾಗುತ್ತದೆ ಅಂತ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಮೂರು ವಾರ ತಡೆದಳು. ಒಂದು ಭಾನುವಾರ ಬೆಳಿಗ್ಗೆ ಎರ್ರಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದಾಗ, ಏನೂ ಹೇಳದೆ ಪಕ್ಕದಲ್ಲಿ ಕೂತು ಆ ಹಾಡು ಹಾಕಿದಳು.

ಅವರು ಪೇಪರ್ ಇಳಿಸಿದರು. ಬೀದಿಯ ಆ ತುದಿ ಈ ತುದಿ ನೋಡಿದರು.

"ಯಾರು ಹೋದ್ರಮ್ಮ?"

"ಯಾರೂ ಹೋಗಿಲ್ಲ ನಾಯ್ನಾ."

"ಮತ್ತೆ ಯಾಕೆ ಬಡೀತಾ ಅವ್ರೆ?"

ಫೋನು ತೋರಿಸಿ ಎಲ್ಲ ಹೇಳಿದಳು. ಎಪ್ಪತ್ತೆರಡು ವರ್ಷದ ಮನುಷ್ಯ ಒಳಗೆ ಹೋಗಿ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ ನಡೆದುಬಿಟ್ಟರು. ಅಂಗಡಿ ಕಡೆ ಹೋದರೇನೋ, ಸಮಾಧಾನವಾದ ಮೇಲೆ ಬರುತ್ತಾರೆ ಅಂದುಕೊಂಡಳು. ಹನ್ನೆರಡಾದರೂ ಬರಲಿಲ್ಲ. ಚಿರಂಜೀವಿ ಸ್ಕೂಟರಿನಲ್ಲಿ ಸುತ್ತಿ ಬಂದ. ನನಗೂ ಫೋನ್ ಬಂತು, ನಾನು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ವಿಚಾರಿಸಿದೆ. ಸಂಘಮಿತ್ರ ಆ ಹೊತ್ತಿನಲ್ಲಿ ಹೇಗಿದ್ದಳು ಅಂದರೆ, ತಾನೇ ಅಪ್ಪನನ್ನು ಕೊಂದೆ ಅನ್ನುವವಳ ಹಾಗೆ ಇದ್ದಳು.

ಎರಡು ಗಂಟೆಗೆ ವೇಣುವಿನ ಫೋನ್.

"ನಾಯ್ನ ಇಲ್ಲಿಗೆ ಬಂದವ್ರೆ," ಅಂದ.

ಒಬ್ಬರೇ ಎಲ್ಲೂ ಹೋಗದ ಎರ್ರಪ್ಪ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗುವ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಮಗನ ಮನೆ ತಲುಪಿದ್ದರು. ಬಾಗಿಲಲ್ಲೇ ನಿಂತು, ನೀರು ಕೊಟ್ಟರೂ ಮುಟ್ಟದೆ, "ತೋರ್ಸು ಆ ಮಿಷನ್ನು," ಅಂದರಂತೆ. ವೇಣು ತಂದುಕೊಟ್ಟ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದರು, ಪ್ಲಾಸ್ಟಿಕ್ಕು.

"ನೀನು ಬಡೀಲಿಲ್ಲ ತಾನೆ?"

"ಇಲ್ಲ ನಾಯ್ನಾ. ಬಟನ್ ಒತ್ತಿದ್ದು."

ಆಮೇಲೆ ಒಳಗೆ ಬಂದು ಕೂತರು. ಪೂರ್ತಿ ಹಾಡು ಕೇಳಿದರು. ಕೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ಇದನ್ನ ಕೇಳೋರು ಎಲ್ಲಿ ಕೂತಿರ್ತಾರೆ?"

ವೇಣು ಮಾತಿನಲ್ಲಿ ಹೇಳಲಾರದೆ ಒಂದು ವಿಡಿಯೋ ತೋರಿಸಿದ. ಪೋಲೆಂಡಿನ ಆ ನರ್ಸು ತಮ್ಮೂರಿನ ಸಣ್ಣ ಸಭಾಂಗಣದಲ್ಲಿ ಇದೇ ಹಾಡನ್ನು ಹಾಕಿದ್ದಳು. ನಲವತ್ತು ಐವತ್ತು ಜನ ಕಣ್ಣು ಮುಚ್ಚಿ ಕುಣಿಯುತ್ತಿದ್ದರು. ಎರ್ರಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಸಾವಿನ ಏಟಿಗೆ ಕುಣಿಯುತ್ತಿದ್ದಾರೆ ಅನ್ನುವುದು ಅವರಿಗೆ ನುಂಗಲಾರದ ಮಾತು. ಕೋಪ ಬಂತು. ಇದು ಏನು ಅಂತ ಅವರಿಗೆ ಹೇಳಿದೀಯಾ ಅಂತ ಮಗನ ಮೇಲೆ ಕೂಗಾಡಿದರು. ಹೇಳಿಲ್ಲ ಅಂದ ವೇಣು. ಯಾರ ಏಟು ಅಂತಲಾದರೂ ಹೇಳಿದೀಯಾ ಅಂದರು. ಅದನ್ನೂ ಹೇಳಿರಲಿಲ್ಲ.

"ನನ್ನ ಹೆಸರು ಯಾಕೆ ಹಾಕಿಲ್ಲ?"

ಅಪ್ಪ ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಅಂತ ಕಾದಿದ್ದ ವೇಣು, ನಿಮಗೆ ಅವಮಾನ ಆಗುತ್ತೆ ಅಂದುಕೊಂಡೆ ಅಂತ ತೊದಲಿದ.

"ಮೂವತ್ತು ವರ್ಷ ಬಡ್ದಿದೀನಿ. ಹತ್ತು ಹಳ್ಳೀಲಿ ಒಬ್ಬನೂ ನನ್ನ ಹೆಸರು ಹೇಳಿ ಕರೀಲಿಲ್ಲ," ಅಂದರಂತೆ ಎರ್ರಪ್ಪ. "ನೀನೂ ಹೇಳಲ್ವೇನಪ್ಪ."

ಈ ಮಾತನ್ನು ವೇಣು ತಂಗಿಗೆ ಹೇಳಿದ್ದು ಎರಡು ದಿನ ಬಿಟ್ಟು. ಅವಳು ನನಗೆ ಹೇಳಿದ್ದು ಊಟದ ಡಬ್ಬಿ ಮುಚ್ಚಿಟ್ಟು. ಆವತ್ತು ಇಬ್ಬರೂ ಉಣ್ಣಲಿಲ್ಲ.

ಅಪ್ಪ ಬಂದಿದ್ದ ಭಾನುವಾರ ಸಂಜೆಯೇ ವೇಣು ಹಾಡಿನ ಕೆಳಗೆ ಬರೆದ, ಏಟು ಎರ್ರಪ್ಪನವರದು, ಕೆಂಚಾರ್ಲಹಳ್ಳಿ. ಇದು ಸಾವಿನ ಮನೆಯದು, ಇದನ್ನು ಬಡಿದವರು ಅಂಗಳದಾಚೆ ನಿಂತೇ ಅನ್ನ ಉಣ್ಣಬೇಕಿತ್ತು ಅಂತ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಸೇರಿಸಿದ. ಹಡಗಿನ ಅಡುಗೆಯವನು, ಗೊತ್ತಿಲ್ಲದೆ ಕುಣಿದೆ, ಕ್ಷಮಿಸಿ ಅಂತ ಬರೆದ. ಮನೆಗೆ ವಾಪಸ್ ಬಂದ ಎರ್ರಪ್ಪ ಅದನ್ನು ಮಗಳ ಕೈಲಿ ಎರಡು ಸಲ ಓದಿಸಿದರು. ಕುಣೀಲಿ ಬಿಡು ಅನ್ನುತ್ತಾರೇನೋ ಅಂತ ಅವಳು ಕಾದಳು. ಅವರು ಹಾಗನ್ನಲಿಲ್ಲ. ಇನ್ನು ಮೇಲೆ ಸಾವಿನದು ಹಾಕೋದು ಬೇಡ, ಇದೊಂದು ಇರಲಿ, ಅಂದರು ಅಷ್ಟೇ. ವೇಣು ಆ ಮಾತಿಗೆ ನಿಂತಿದ್ದಾನೆ. ಅವನ ಹೊಸ ಹಾಡುಗಳಲ್ಲಿ ತಮಟೆ ಇಲ್ಲ. ತಮಟೆಯ ಆಸೆಗೆ ಬಂದಿದ್ದ ಕೆಲವು ಕೇಳುಗರು ಬಿಟ್ಟುಹೋದರಂತೆ.

ಸಂಘಮಿತ್ರ ಈಗ ಅಣ್ಣನ ಹತ್ತಿರ ಕಲಿಯುತ್ತಿದ್ದಾಳೆ. ಮಾತ್ರೆಯ ವಿಷಯಕ್ಕೆ ತಿಂಗಳಿಗೆರಡು ಸಲ ಇದ್ದ ಫೋನು ಈಗ ದಿನಕ್ಕೊಂದು. ಮೊನ್ನೆ ನಲವತ್ತು ಸೆಕೆಂಡಿನ ಒಂದು ಹಾಡು ಮಾಡಿ ಮೊದಲು ನನಗೇ ಕೇಳಿಸಿದಳು. ಹೇಗಿದೆ ಅಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಲಿಫ್ಟ್ ಕೆಟ್ಟಾಗ ಹೀಗೇ ಕೂಗುತ್ತೆ ಅಂದೆ. ಅವಳು ನಕ್ಕು, ಅಣ್ಣನೂ ಹಾಗೇ ಅಂದ ಅಂತ ಹೇಳಿ, ಕಾಲು ಮುರಿದುಕೊಂಡು ಬಂದಿದ್ದ ಒಬ್ಬರನ್ನು ಒಳಗೆ ಕರೆದುಕೊಂಡು ಹೋದಳು.